ಸ್ನಾನದ ಮನೆಯಲ್ಲಿ ಸಿಕ್ಕ ಅಂಗೈಯಗಲದ ಜೇಡ: ಯಾವುದಿದು, ಸಾಕಬಹುದೇ?

ಕೇಳಿದವರು

ನಾಲ್ಕು ದಿನದ ಹಿಂದೆ ಸ್ನಾನದ ಮನೆಯಲ್ಲಿ ಟವೆಲ್ ಎಳೆದುಕೊಂಡಾಗ ಅದರ ಹಿಂದಿನ ಗೋಡೆಯಲ್ಲಿ ಒಂದು ಜೇಡ ಕಾಣಿಸಿತು. ಕಾಲು ಚಾಚಿದರೆ ಹೆಚ್ಚುಕಡಿಮೆ ನನ್ನ ಅಂಗೈಯಷ್ಟು ಅಗಲ. ಕಂದು ಬಣ್ಣ, ಚಪ್ಪಟೆ ಮೈ, ಸುತ್ತಮುತ್ತ ಎಲ್ಲೂ ಬಲೆ ಇಲ್ಲ. ಕಾಲುಗಳು ಏಳೇ, ಎಂಟನೆಯದು ಎಲ್ಲೋ ಕಳೆದುಹೋಗಿದೆ. ಮನೆಯ ಹಿರಿಯರು ಪೊರಕೆ ತಂದರು, ಮಗಳು ಅಡ್ಡ ನಿಂತಳು. ಈಗ ಅದು ದೊಡ್ಡದೊಂದು ಗಾಜಿನ ಭರಣಿಯಲ್ಲಿದೆ, ಮುಚ್ಚಳಕ್ಕೆ ತೂತು ಹೊಡೆದಿದ್ದೇನೆ. ಎರಡು ನೊಣ ಬಿಟ್ಟೆ, ಮೂಸಿಯೂ ನೋಡಲಿಲ್ಲ. ಇದು ಯಾವ ಜೇಡ? ವಿಷದ್ದೇ? ಸಾಕುವುದಾದರೆ ಹೇಗೆ? ಅಂತರಜಾಲದಲ್ಲಿ ಹುಡುಕಿದರೆ ಅರ್ಧ ಚಿತ್ರಗಳು ಇದರಂತೆಯೇ ಕಾಣುತ್ತವೆ, ಉಳಿದರ್ಧ ನಿದ್ದೆಗೆಡಿಸುತ್ತವೆ. ಸಾಕಿದವರು, ಕಚ್ಚಿಸಿಕೊಂಡವರು, ಹಿಡಿದು ಬಿಟ್ಟವರು, ಯಾರಾದರೂ ಹೇಳಿ.

ಜೇಡಗಳ ಚಿತ್ರ ತೆಗೆಯುವವರು

ಮೊದಲು ಬಣ್ಣವನ್ನು ಮರೆತುಬಿಡಿ. ಕಂದು ಬಣ್ಣದ ಜೇಡಗಳು ಸಾವಿರಾರು. ಜಗತ್ತಿನಲ್ಲಿ ಹೆಸರು ಪಡೆದ ಜೇಡ ಪ್ರಭೇದಗಳ ಲೆಕ್ಕ 2022ರಲ್ಲೇ 50,000 ದಾಟಿತು. ಬಣ್ಣ ಹಿಡಿದು ಹೊರಟರೆ ಈ ಜನ್ಮಕ್ಕೆ ಮುಗಿಯುವುದಿಲ್ಲ. ನಾನು ಕೇಳುವುದು ಬೇರೆ: ಎಲ್ಲಿ ಕುಳಿತಿತ್ತು, ಹೇಗೆ ಕುಳಿತಿತ್ತು, ಹೇಗೆ ಓಡಿತು?

ನಿಮ್ಮದು ಬಲೆಯಿಲ್ಲದೆ ಗೋಡೆಗೆ ಅಂಟಿಕೊಂಡಿತ್ತು, ಮೈ ಚಪ್ಪಟೆ. ಕಾಲುಗಳು ಏಡಿಯ ಕಾಲಿನಂತೆ ಮಗ್ಗುಲಿಗೆ ತಿರುಗಿದ್ದರೆ ಬೇಟೆಗಾರ ಜೇಡ ಎಂದು ನನ್ನ ಊಹೆ. ಬಿಸಿ ಪ್ರದೇಶಗಳ ಮನೆಗಳಲ್ಲೆಲ್ಲ ಕಾಣುವುದು ಹೆಟೆರೊಪೋಡಾ ವೆನಟೋರಿಯಾ ಎಂಬುದು. ಸ್ವೀಡನ್ನಿನ ಜೀವವಿಜ್ಞಾನಿ ಲಿನೇಯಸ್ 1767ರಲ್ಲೇ ಇದಕ್ಕೆ ಹೆಸರಿಟ್ಟಿದ್ದ. ಸರಕಿನ ಜೊತೆ, ಮುಖ್ಯವಾಗಿ ಬಾಳೆಗೊನೆಗಳ ಜೊತೆ, ಹಡಗು ಹತ್ತಿ ಲೋಕ ಸುತ್ತಿದ ಪ್ರಾಣಿ ಇದು. ಚಪ್ಪಟೆ ಮೈಯಿಂದಾಗಿಯೇ ಕಪಾಟಿನ ಹಿಂದಿನ ಸಂದಿಯಲ್ಲಿ ಹಗಲು ಕಳೆದು ರಾತ್ರಿ ಜಿರಳೆ ಬೇಟೆಗೆ ಹೊರಡುತ್ತದೆ.

ಖಚಿತಪಡಿಸಿಕೊಳ್ಳಲು ಮುಖ ನೋಡಿ. ಮೊಬೈಲ್ ಕ್ಯಾಮೆರಾವನ್ನು ಗಾಜಿಗೆ ತಾಗಿಸಿ ಹಿಡಿದರೆ ಸಾಕು. ಎಂಟು ಕಣ್ಣುಗಳು ನಾಲ್ಕು ನಾಲ್ಕರಂತೆ ಎರಡು ಸಾಲಿನಲ್ಲಿರಬೇಕು, ಕಣ್ಣುಗಳ ಕೆಳಗೆ ಮೀಸೆ ಬಿಟ್ಟಂತೆ ಕೆನೆಬಣ್ಣದ ಪಟ್ಟೆ ಇರಬೇಕು. ಟಾರ್ಚ್ ಬೆಳಕಿಗೆ ಕಣ್ಣು ಫಳಫಳ ಹೊಳೆದು, ಅವುಗಳಲ್ಲಿ ಎರಡು ದಪ್ಪಗೆ ಮುಂದಕ್ಕೆ ನೆಟ್ಟಿದ್ದು, ಕಾಲುಗಳು ಮುಂದಕ್ಕೂ ಹಿಂದಕ್ಕೂ ಚಾಚಿದ್ದರೆ ಅದು ತೋಳ ಜೇಡ. ಅದರ ಜಾಗ ನೆಲ, ಗೋಡೆಯಲ್ಲ. ‘ಬೆನ್ನ ಮೇಲೆ ಪಿಟೀಲು ಗುರುತಿದೆ, ಕೊಳೆಸುವ ವಿಷದ ಜೇಡ’ ಎಂದು ಯಾರಾದರೂ ಹೆದರಿಸಬಹುದು. ಹುಡುಕುವವರಿಗೆ ಎಲ್ಲ ಕಂದು ಜೇಡಗಳ ಬೆನ್ನಲ್ಲೂ ಪಿಟೀಲು ಕಾಣುತ್ತದೆ! ಆ ಜೇಡಕ್ಕೆ ಆರೇ ಕಣ್ಣು, ಎರಡೆರಡರ ಮೂರು ಜೋಡಿ. ಅದನ್ನೇ ಎಣಿಸಿ. ಹಾಗೆಂದು ಆರು ಕಣ್ಣು ಕಂಡಕೂಡಲೇ ಬೆಚ್ಚಬೇಡಿ. ಅಂಟು ಉಗಿದು ಬೇಟೆಯನ್ನು ಗೋಡೆಗೆ ಹೊಲಿದುಬಿಡುವ ಉಗುಳು ಜೇಡಕ್ಕೂ ಆರೇ ಕಣ್ಣು. ತಲೆಭಾಗ ಗುಮ್ಮಟದಂತೆ ಉಬ್ಬಿದ, ನಿಧಾನ ನಡಿಗೆಯ ಪಾಪದ ಪ್ರಾಣಿ ಅದು.

ಇನ್ನೊಂದು ಚಿತ್ರ ಕೆಳಗಿನಿಂದ ತೆಗೆಯಿರಿ, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು. ‘ಅಂಗೈಯಗಲ’ ಎನ್ನುವವರ ಅಂಗೈ ಹೆದರಿಕೆಯಲ್ಲಿ ಹಿಗ್ಗಿರುತ್ತದೆ. ಅನೇಕ ಜೇಡಗಳಲ್ಲಿ ಪ್ರಭೇದವನ್ನು ನಿಖರವಾಗಿ ಹೇಳಲು ಸೂಕ್ಷ್ಮದರ್ಶಕದಡಿ ಜನನಾಂಗವನ್ನೇ ನೋಡಬೇಕಾಗುತ್ತದೆ. ಚಿತ್ರ ನೋಡಿ ಯಾರಾದರೂ ಪೂರ್ತಿ ಹೆಸರನ್ನು ಥಟ್ಟನೆ ಹೇಳಿದರೆ ಕೊಂಚ ಅನುಮಾನಿಸಿ, ನನ್ನನ್ನೂ ಸೇರಿಸಿ.

ಜಿಗಿ ಜೇಡ ಸಾಕಿದವರು

ನಾನು ಸಾಕಿದ್ದು ಕಿಟಕಿ ಚೌಕಟ್ಟಿನಲ್ಲಿ ಸಿಕ್ಕ ಬೆರಳಿನ ಉಗುರಿನಷ್ಟು ಜಿಗಿ ಜೇಡ. ನಾವು ಕದಲಿದತ್ತ ತಿರುಗಿ ನೋಡುವ ಆ ದೊಡ್ಡ ಮುಂಗಣ್ಣುಗಳಿಗೆ ಸೋತೆ. ನಿಮ್ಮದು ದೊಡ್ಡದು, ಆದರೂ ಕೆಲವು ಪಾಠಗಳು ಎರಡಕ್ಕೂ ಹೊಂದುತ್ತವೆ.

ಎಲ್ಲಕ್ಕಿಂತ ಮೊದಲು ನೀರು. ಊಟವಿಲ್ಲದೆ ಜೇಡ ವಾರಗಟ್ಟಲೆ ಇರಬಲ್ಲದು, ನೀರಿಲ್ಲದೆ ಇರಲಾರದು. ಕಾಲು ಮಡಚಲು ಅದಕ್ಕೆ ಸ್ನಾಯುಗಳಿವೆ, ಆದರೆ ಮುಖ್ಯ ಕೀಲುಗಳನ್ನು ಚಾಚುವುದು ಮೈಯೊಳಗಿನ ದ್ರವದ ಒತ್ತಡ. ಸತ್ತ ಜೇಡದ ಕಾಲು ಮುದುರಿಕೊಳ್ಳುವುದು ಅದಕ್ಕೇ. ಬದುಕಿರುವ ಜೇಡದ ಕಾಲು ಒಳಗೆ ಮುದುರತೊಡಗಿದರೆ ಬಾಯಾರಿದೆ ಎಂದು ತಿಳಿಯಿರಿ. ಭರಣಿಯ ಒಂದು ಬದಿಗೆ ಮಾತ್ರ ನೀರು ಚಿಮುಕಿಸಿ. ಹನಿಗಳನ್ನು ಅದು ಕುಡಿಯುತ್ತದೆ. ಇಡೀ ಭರಣಿ ಒದ್ದೆಯಾದರೆ ಬೂಷ್ಟು ಹಿಡಿಯುತ್ತದೆ. ಚಿಕ್ಕ ಜೇಡಕ್ಕೆ ಬಟ್ಟಲಿನಲ್ಲಿ ನೀರಿಡಬೇಡಿ, ಮುಳುಗುತ್ತದೆ.

ಊಟ ಜೀವಂತವಾಗಿರಬೇಕು, ಚಲಿಸಬೇಕು, ಜೇಡದ ಮೈಗಿಂತ ಚಿಕ್ಕದಿರಬೇಕು. ವಾರಕ್ಕೆ ಒಂದೆರಡು ಸಲ ಸಾಕು. ಹೊಟ್ಟೆ ಗುಂಡಗಿದ್ದರೆ ಹಸಿವಿಲ್ಲ. ಕೀಟನಾಶಕ ಹೊಡೆದ ಜಾಗದ ಜಿರಳೆಯನ್ನು ಮಾತ್ರ ಹಾಕಲೇಬೇಡಿ. ತಿನ್ನದೆ ಉಳಿದ ಮಿಡತೆಯನ್ನು ಮರುದಿನ ತೆಗೆಯಿರಿ, ಏಕೆಂದರೆ ಪೊರೆ ಬಿಡುವ ಜೇಡವನ್ನು ಅದೇ ತಿನ್ನುವುದುಂಟು.

ಪೊರೆಯ ಮಾತು ಬಂದದ್ದರಿಂದ ನನ್ನ ತಪ್ಪನ್ನೂ ಹೇಳುತ್ತೇನೆ. ನನ್ನ ಜೇಡ ಹತ್ತು ದಿನ ಊಟ ಬಿಟ್ಟು, ಬಣ್ಣಗೆಟ್ಟು, ಡಬ್ಬಿಯ ಮೇಲ್ತುದಿಯಲ್ಲಿ ಬಿಳಿ ನೂಲಿನ ಚೀಲ ಕಟ್ಟಿ ಒಳಹೊಕ್ಕಿತು. ಸತ್ತೇಹೋಯಿತೆಂದು ಚೀಲ ಬಿಡಿಸಿದೆ. ಅರ್ಧ ಪೊರೆ ಕಳಚಿತ್ತು, ಹೊಸ ಮೈ ಹಸಿ ಹಿಟ್ಟಿನಂತೆ ಮೆತ್ತಗಿತ್ತು. ಮರುದಿನ ನಿಜವಾಗಿಯೂ ಸತ್ತಿತು. ಎರಡನೆಯ ಜೇಡಕ್ಕೆ ಮಗ್ಗುಲಲ್ಲಿ ತೆರೆಯುವ ಡಬ್ಬಿ ತಂದೆ. ಚೀಲ ಮೇಲಿದ್ದರೆ ಮುಚ್ಚಳ ತೆಗೆದಾಗಲೆಲ್ಲ ಅದರ ಮನೆ ಹರಿಯುತ್ತದಲ್ಲ! ಅದು ವರ್ಷದ ಮೇಲೆ ಮೂರು ತಿಂಗಳು ಬದುಕಿತು. ಆ ಜಾತಿಗೆ ಅದೇ ಪೂರ್ಣಾಯಸ್ಸು.

ಬೆಳಗ್ಗೆ ಚಾವಣಿ ನೋಡಿದವರು

ಮೇಲಿನವರು ತೂತಿನ ಅಳತೆ ಹೇಳಲಿಲ್ಲ. ನಾನು ಹೇಳಬೇಕು, ಏಕೆಂದರೆ ಅನುಭವಿಸಿದ್ದೇನೆ. ನಾವು ಇಟ್ಟುಕೊಂಡದ್ದೂ ಇಂಥದೇ ಗೋಡೆಯ ಜೇಡ. ಎರಡು ವಾರದ ನಂತರ ಹೊಟ್ಟೆಯಡಿ ಬಿಳಿ ಗುಂಡಿಯಂಥ ಚಪ್ಪಟೆ ಬಿಲ್ಲೆಯೊಂದನ್ನು ಅವುಚಿಕೊಂಡು ಓಡಾಡತೊಡಗಿತು. ಗಂಡಿಲ್ಲದೆ ಒಂಟಿಯಾಗಿದೆ, ಮೊಟ್ಟೆಯಾದರೂ ಬರಡೇ ಇರಬೇಕು ಎಂದು ನಮ್ಮ ಲೆಕ್ಕಾಚಾರ. ಹೆಣ್ಣು ಜೇಡ ಎಂದೋ ಕೂಡಿದ ಗಂಡಿನ ವೀರ್ಯವನ್ನು ಮೈಯೊಳಗೆ ಕಾಪಿಟ್ಟುಕೊಂಡು ಬೇಕಾದಾಗ ಬಳಸುತ್ತದೆ ಎಂದು ಆಮೇಲೆ ತಿಳಿಯಿತು. ಒಂದು ಬೆಳಗ್ಗೆ ಚಾವಣಿಯ ತುಂಬ ನಡೆದಾಡುವ ಚುಕ್ಕೆಗಳು! ನೂರಕ್ಕೆ ಮೇಲೆಯೇ ಇದ್ದವು, ಎಣಿಸುವ ಧೈರ್ಯವಾಗಲಿಲ್ಲ. ದಬ್ಬಣದ ತೂತು ತಾಯಿಗೆ ಸಾಲದು, ಮರಿಗಳಿಗೆ ಹೆಬ್ಬಾಗಿಲು.

ಜೇಡದ ತಲೆಭಾಗ ಮಾತ್ರ ಗಟ್ಟಿ, ಹೊಟ್ಟೆ ಮೆತ್ತಗೆ. ತಲೆ ದಾಟುವ ಕಂಡಿಯಲ್ಲಿ ಉಳಿದದ್ದೂ ಬಹುಮಟ್ಟಿಗೆ ದಾಟುತ್ತದೆ. ಸೊಳ್ಳೆಪರದೆಗಿಂತಲೂ ಒತ್ತಾದ ತೆಳುಬಟ್ಟೆಯನ್ನು ಬಾಯಿಗೆ ಬಿಗಿದು ಕಟ್ಟಿ, ಮುಚ್ಚಳದ ಹಂಗೇ ಬೇಡ. ಅಂದಹಾಗೆ ನಮ್ಮ ಚುಕ್ಕೆಗಳು ಎರಡು ವಾರದಲ್ಲಿ ಒಂದನ್ನೊಂದು ತಿಂದೋ ಚದುರಿಯೋ ಕಾಣದಾದವು.

ಕಚ್ಚಿಸಿಕೊಂಡವರು

ಹೆಚ್ಚು ಹೇಳುವುದಿಲ್ಲ. ಗೋಡೆಯ ಜೇಡವನ್ನು ಬರಿಗೈಯಲ್ಲಿ ಹಿಡಿಯಲು ಹೋಗಿ ಹೆಬ್ಬೆರಳಿಗೆ ಕಚ್ಚಿಸಿಕೊಂಡೆ. ಜೇನು ಕುಟುಕಿದಷ್ಟು ಉರಿ, ಸಂಜೆಯವರೆಗೆ ಊತ. ಸೋಪಿನಲ್ಲಿ ತೊಳೆದು ತಣ್ಣೀರು ಪಟ್ಟಿ ಹಾಕಿದೆ, ಅಷ್ಟೇ. ಲೋಟ ಕವುಚಿ, ಅಡಿಗೆ ದಪ್ಪ ಕಾಗದ ತೂರಿಸಿದ್ದರೆ ಇದೂ ಇರುತ್ತಿರಲಿಲ್ಲ. ಕಾಲು ಹಿಡಿದು ಎತ್ತಬೇಡಿ, ಹಲ್ಲಿ ಬಾಲ ಬಿಡುವಂತೆ ಅದು ಕಾಲನ್ನೇ ಬಿಟ್ಟು ಓಡುತ್ತದೆ.

ನಾನು ಈಗಲೂ ಅಂಜುವುದು ಬೇರೊಂದಕ್ಕೆ: ಕುರ್ಚಿಯಡಿ, ಖಾಲಿ ಕುಂಡದ ಅಂಚಿನಡಿ ಸಿಕ್ಕುಸಿಕ್ಕಾದ ಬಲೆ ಕಟ್ಟುವ ಕಂದು ವಿಧವೆ ಜೇಡ. ಗುಂಡು ಹೊಟ್ಟೆಯ ಅಡಿಯಲ್ಲಿ ಕಿತ್ತಳೆಗೆಂಪು ಮರಳುಗಡಿಯಾರದ ಗುರುತು, ಬಲೆಯಲ್ಲಿ ಮುಳ್ಳುಮುಳ್ಳಾದ ಉಂಡೆಯಂಥ ಮೊಟ್ಟೆಚೀಲ ಕಂಡರೆ ಕೈ ಹಾಕಬೇಡಿ. ಯಾವ ಜೇಡ ಕಚ್ಚಿದರೂ ಸ್ನಾಯು ಹಿಡಿದುಕೊಳ್ಳುವುದು, ಹೊಟ್ಟೆನೋವು, ವಿಪರೀತ ಬೆವರು ಶುರುವಾದರೆ ವೈದ್ಯರ ಬಳಿ ಹೋಗಿ. ಗಾಯ ಕೊಯ್ಯುವುದು, ಹೀರುವುದು ಬೇಡ.

ಕೇಳಿದವರು, ಮೂರು ದಿನದ ನಂತರ

ನೀರು ಚಿಮುಕಿಸಿದ ಐದೇ ನಿಮಿಷಕ್ಕೆ ಹನಿಗೆ ಬಾಯಿಟ್ಟಿತು. ನಾಚಿಕೆಯಾಯಿತು, ನಾಲ್ಕು ದಿನ ಬರೀ ನೊಣ ತೋರಿಸಿದ್ದೆ. ಕಣ್ಣು ಎಂಟು, ಎರಡು ಸಾಲು. ಮೀಸೆ ಇದೆ! ಅಳತೆಪಟ್ಟಿಯಲ್ಲಿ ಕಾಲಿನಿಂದ ಕಾಲಿಗೆ ಒಂಬತ್ತು ಸೆಂಟಿಮೀಟರ್. ಅಂಗೈಯ ಮಾತನ್ನು ಹಿಂತೆಗೆದುಕೊಳ್ಳುತ್ತೇನೆ. ಮೊಟ್ಟೆ ಇಲ್ಲ. ಆದರೆ ಬಾಯಿಯ ಪಕ್ಕದ ಎರಡು ಗಿಡ್ಡ ಕೈಗಳ ತುದಿ ದಪ್ಪಗೆ ಊದಿಕೊಂಡಿದೆ, ಮಗಳ ಮಾತಿನಲ್ಲಿ ಹೇಳುವುದಾದರೆ ಬಾಕ್ಸಿಂಗ್ ಕೈಗವಸು ತೊಟ್ಟಂತೆ. ಅದೇನು ಕಾಯಿಲೆಯೇ? ಹೋದ ಕಾಲು ಮತ್ತೆ ಬರುವುದೇ? ಇನ್ನೂ ತಿಂದಿಲ್ಲ.

ಜೇಡಗಳ ಚಿತ್ರ ತೆಗೆಯುವವರು

ಕಾಯಿಲೆಯಲ್ಲ, ವಯಸ್ಸಿಗೆ ಬಂದಿದ್ದಾನೆ. ಊದಿದ ಆ ತುದಿಗಳಿಂದಲೇ ಗಂಡು ಹೆಣ್ಣಿಗೆ ವೀರ್ಯ ದಾಟಿಸುವುದು. ಕಾಲು ಬರುವುದಿಲ್ಲ; ಮರಿಯಾಗಿದ್ದರೆ ಮುಂದಿನ ಪೊರೆಗಳಲ್ಲಿ ಚಿಗುರುತ್ತಿತ್ತು, ಇದು ಕೊನೆಯ ಪೊರೆ ಬಿಟ್ಟಾಗಿದೆ. ಇಂಥ ಗಂಡಿಗೆ ಊಟದ ಮೇಲೆ ಅಷ್ಟು ಮನಸ್ಸಿರುವುದಿಲ್ಲ, ರಾತ್ರಿಯಿಡೀ ಹೆಣ್ಣನ್ನು ಹುಡುಕುತ್ತಾ ಅಲೆಯುತ್ತದೆ. ನಿಮ್ಮ ಟವೆಲ್ ಹಿಂದೆ ಬಂದದ್ದೂ ಆ ದಾರಿಯಲ್ಲೇ ಇರಬೇಕು. ಹೆಣ್ಣು ಹತ್ತಿರವಿದ್ದರೆ ಕಾಲು ನಡುಗಿಸಿ ಸಣ್ಣಗೆ ಝೇಂಕರಿಸುತ್ತದೆ ಕೂಡ. ಉಳಿದ ದಿನಗಳನ್ನು ಭರಣಿಯಲ್ಲಿ ಕಳೆಯಬೇಕೆಂದು ನನಗಂತೂ ಅನಿಸುವುದಿಲ್ಲ. ಮರಿಯೋ ಹೆಣ್ಣೋ ಆಗಿದ್ದರೆ ‘ಸಾಕಿ ನೋಡಿ’ ಎನ್ನುತ್ತಿದ್ದೆ.

ಕೇಳಿದವರು

ನಿನ್ನೆ ರಾತ್ರಿ ಸಾಮಾನಿನ ಕೋಣೆಯಲ್ಲಿ ಭರಣಿಯನ್ನು ಗೋಡೆಗೆ ಒರಗಿಸಿ ಬಾಯಿ ಬಿಚ್ಚಿದೆವು. ಹತ್ತು ನಿಮಿಷ ಅಲ್ಲಾಡಲಿಲ್ಲ, ಆಮೇಲೆ ಕಣ್ಣು ಮಿಟುಕಿಸುವುದರೊಳಗೆ ಕಪಾಟಿನ ಹಿಂದೆ ಹೋಯಿತು, ಏಳು ಕಾಲಿನಲ್ಲೇ. ಹಿರಿಯರ ಷರತ್ತು ಒಂದೇ: ಸ್ನಾನದ ಮನೆಗೆ ಮಾತ್ರ ಬರಬಾರದಂತೆ. ಅದಕ್ಕೆ ಹೇಳುವವರು ಯಾರು?

ಮಗಳು ಕಿಟಕಿಯ ಮೇಲೆ ಜಿಗಿ ಜೇಡವೊಂದನ್ನು ಗುರುತಿಟ್ಟಿದ್ದಾಳೆ. ಗಿಡ್ಡ ಕೈಗಳ ತುದಿ ಊದಿಲ್ಲ ಎಂದು ಅವಳೇ ನೋಡಿ ಬಂದಳು. ಮಗ್ಗುಲಲ್ಲಿ ತೆರೆಯುವ ಡಬ್ಬಿ ಹುಡುಕುತ್ತಿದ್ದೇನೆ.