ದೇವಸ್ಥಾನದ ಮೈಕು, ಅಭ್ಯರ್ಥಿಯ ಶಾಲು: ವಕೀಲರೊಂದಿಗೆ ಪ್ರಶ್ನೋತ್ತರ

ಅಡ್ಮಿನ್: ಮುಂಬಯಿ ಕನ್ನಡಿಗರ ಗುಂಪಿನಲ್ಲಿ ಇವತ್ತಿನ ವಿಷಯ ಧರ್ಮ ಮತ್ತು ಚುನಾವಣೆ. ವಕೀಲೆ ಮೇಡಂ 9ರವರೆಗೆ ಇರುತ್ತಾರೆ. ಪಕ್ಷಗಳ ಹೆಸರು ಬೇಡ, ಫಾರ್ವರ್ಡ್ ಬೇಡ.

ಹರೀಶ, ಕಾಂದಿವಲಿ: ಮೇಡಂ, ಸ್ವಾಮೀಜಿಗಳು ಚುನಾವಣೆಗೆ ನಿಲ್ಲಬಹುದಾ?

ವಕೀಲೆ: ನಿಲ್ಲಬಹುದು. ಕಾವಿ ತೊಟ್ಟದ್ದು ಅನರ್ಹತೆಯಲ್ಲ. ಕ್ಯಾಥೊಲಿಕ್ ಪಾದ್ರಿಗಳಿಗೆ ತಡೆ ಇರುವುದು ಅವರ ಚರ್ಚಿನ ಕ್ಯಾನನ್ ಕಾನೂನಿನಲ್ಲಿ, ನಮ್ಮ ಸಂವಿಧಾನದಲ್ಲಿ ಅಲ್ಲ.

ಸತೀಶ, ಭಾಂಡುಪ್: ನಮಸ್ಕಾರ ಮೇಡಂ. ನಾನು ನಮ್ಮ ದೇವಸ್ಥಾನದ ಟ್ರಸ್ಟಿ. ಭಾನುವಾರ ಊರಿಂದ ಸ್ವಾಮೀಜಿ ಬರ್ತಾರೆ, ಪಾದಪೂಜೆ, ಅನ್ನಸಂತರ್ಪಣೆ ಇದೆ. ನಮ್ಮ ವಾರ್ಡಿನಲ್ಲಿ ಪಾಲಿಕೆಗೆ ನಿಂತಿರುವ ನಮ್ಮ ಸಮಾಜದವರೊಬ್ಬರು ಊಟಕ್ಕೆ 51,000 ಕೊಡ್ತಾರೆ. ಅವರಿಗೆ ಶಾಲು ಹೊದಿಸಬೇಕು ಅಂತ ಅಧ್ಯಕ್ಷರ ಆಸೆ. ನಿರೂಪಕರ ಚೀಟಿ ಹೀಗಿದೆ: ‘ನಮ್ಮ ಸಮಾಜದ ಹೆಮ್ಮೆಯ ಅಭ್ಯರ್ಥಿಗೆ ಶ್ರೀಗಳ ಪೂರ್ಣ ಆಶೀರ್ವಾದವಿದೆ. ಕನ್ನಡಿಗರೆಲ್ಲ ಒಂದಾಗಿ ಮತ ನೀಡಬೇಕು. ಗುರುವಾಕ್ಯ ಮೀರಿದವರನ್ನು ದೇವರು ಮೆಚ್ಚನು.’ ಏನಾದರೂ ತೊಂದರೆ ಇದೆಯಾ?

ವಕೀಲೆ: ಸಭಾಗೃಹ ಯಾರದ್ದು? ಖರ್ಚು ಯಾರದ್ದು?

ಸತೀಶ, ಭಾಂಡುಪ್: ಎರಡೂ ದೇವಸ್ಥಾನದ್ದೇ.

ವಕೀಲೆ: ಸತೀಶರೇ, ಹಾಗಿದ್ದರೆ ಆ ಚೀಟಿ ಇವತ್ತೇ ಬದಲಾಗಬೇಕು. ಧರ್ಮ, ಜಾತಿ, ಭಾಷೆಯ ಹೆಸರಲ್ಲಿ ಮತ ಕೇಳುವುದನ್ನು ತಡೆಯುವ ಸೆಕ್ಷನ್ 123ರ ಮಾತನ್ನು ಎಲ್ಲರೂ ಆಡುತ್ತಾರೆ. ಅದು 1951ರ ಜನಪ್ರಾತಿನಿಧ್ಯ ಕಾಯ್ದೆಯದ್ದು, ಲೋಕಸಭೆ-ವಿಧಾನಸಭೆಗೆ. ನಿಮ್ಮದು ಪಾಲಿಕೆ ಚುನಾವಣೆ. ಹಾಗಂತ ಪಾರಾದಿರಿ ಅಂದುಕೊಳ್ಳಬೇಡಿ. ನಿಮಗೆ ತಾಗುವುದು 1988ರ ಧಾರ್ಮಿಕ ಸಂಸ್ಥೆಗಳ ದುರುಪಯೋಗ ತಡೆ ಕಾಯ್ದೆ. ಅದರಲ್ಲಿ ‘ರಾಜಕೀಯ ಚಟುವಟಿಕೆ’ ಅಂದರೆ ಸ್ಥಳೀಯ ಸಂಸ್ಥೆಗಳ ಅಭ್ಯರ್ಥಿಯ ಪರವಾದ ಪ್ರಚಾರವೂ ಸೇರಿದೆ. ಸೆಕ್ಷನ್ 3 ಜಾಗದ ಬಗ್ಗೆ, 5 ಹಣದ ಬಗ್ಗೆ, 6 ಉತ್ಸವ, ಮೆರವಣಿಗೆ, ಸಭೆಗಳ ಬಗ್ಗೆ. ನಿಮ್ಮ ಭಾನುವಾರದ ಕಾರ್ಯಕ್ರಮ ಮೂರಕ್ಕೂ ಸಿಕ್ಕಿಬೀಳುತ್ತದೆ.

ಶಿಕ್ಷೆ 5 ವರ್ಷದವರೆಗೆ ಜೈಲು, 10,000 ರೂಪಾಯಿವರೆಗೆ ದಂಡ. ಮೊದಲು ಸಿಕ್ಕಿಬೀಳುವವರು ಅಭ್ಯರ್ಥಿಯಲ್ಲ, ಆಡಳಿತ ನಡೆಸುವ ನೀವು. ಜೊತೆಗೆ ಆ ತಪ್ಪಿನಲ್ಲಿ ಕೈಯಿರುವ ಪ್ರತಿಯೊಬ್ಬರೂ. ಅಪರಾಧ ಸಾಬೀತಾದರೆ ಹುದ್ದೆ ಹೋಗುತ್ತದೆ, 6 ವರ್ಷ ಯಾವ ಧಾರ್ಮಿಕ ಸಂಸ್ಥೆಯಲ್ಲೂ ಹುದ್ದೆ ಹಿಡಿಯುವಂತಿಲ್ಲ.

ಚೀಟಿಯ ಕೊನೆಯ ಸಾಲು ಎಲ್ಲಕ್ಕಿಂತ ಕೆಟ್ಟದ್ದು. ದೇವರ ಅವಕೃಪೆಯ ಹೆದರಿಕೆ ಹಾಕಿ ಮತ ಕೇಳುವುದು ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 171ರಲ್ಲಿ ಅನುಚಿತ ಪ್ರಭಾವ. 174ರಲ್ಲಿ ಒಂದು ವರ್ಷದವರೆಗೆ ಶಿಕ್ಷೆ. ಇದು ಪಾಲಿಕೆ ಚುನಾವಣೆಗೂ ಅನ್ವಯ. ಗುರುಗಳ ಮೇಲೆ ಜನ ಇಟ್ಟ ನಂಬಿಕೆಯನ್ನು ಹೀಗೆ ಒಂದು ವಾರ್ಡಿನ ಲೆಕ್ಕಕ್ಕೆ ಬಳಸುವುದು ನನಗೆ ನಿಜಕ್ಕೂ ನೋವಿನ ವಿಷಯ.

ಈಗ ಮಾಡಬೇಕಾದದ್ದು: ನಾಳೆಯೇ ಟ್ರಸ್ಟಿನ ಸಭೆ ಕರೆದು, ಯಾವ ಅಭ್ಯರ್ಥಿಗೂ ವೇದಿಕೆ, ಮೈಕು, ಸನ್ಮಾನ ಇಲ್ಲವೆಂದು ನಿರ್ಣಯ ಬರೆದು ಸಹಿ ಹಾಕಿಸಿ. ಪ್ರತಿಯನ್ನು ಸ್ವಾಮೀಜಿಯವರ ಆಪ್ತ ಕಾರ್ಯದರ್ಶಿಗೂ ಅಭ್ಯರ್ಥಿಗೂ ಕಳಿಸಿ. 51,000 ಈಗ ಬೇಡ. ಈಗಾಗಲೇ ಬಂದಿದ್ದರೆ ಬ್ಯಾಂಕಿನ ಮೂಲಕವೇ ವಾಪಸ್ ಮಾಡಿ, ನಗದಾಗಿ ಅಲ್ಲ. ಮತಕ್ಕೆ ಬದಲಾಗಿ ಕೊಟ್ಟದ್ದೆಂದು ಸಾಬೀತಾದರೆ ಅದು ಲಂಚ. ಗೇಟಿನ ಬ್ಯಾನರಿನಲ್ಲಿ ಅವರ ಫೋಟೊ ಇದ್ದರೆ ತೆಗೆಸಿ. ಅವರು ಭಕ್ತರಾಗಿ ಬರಲಿ, ಸಾಲಿನಲ್ಲಿ ನಿಲ್ಲಲಿ, ತೀರ್ಥ-ಪ್ರಸಾದ ತೆಗೆದುಕೊಳ್ಳಲಿ, ಪಂಕ್ತಿಯಲ್ಲಿ ಉಣ್ಣಲಿ. ಯಾರೂ ತಡೆಯುವಂತಿಲ್ಲ. ಮೈಕಿನ ಪಕ್ಕ ನಂಬಿಕಸ್ಥರೊಬ್ಬರನ್ನು ನಿಲ್ಲಿಸಿ. ಯಾರಾದರೂ ಕಸಿದುಕೊಂಡು ಮತ ಕೇಳಿದರೆ ಮೈಕು ಬಂದ್ ಮಾಡಿಸಿ, ಅವತ್ತೇ ಪೊಲೀಸ್ ಠಾಣೆಗೆ ಲಿಖಿತವಾಗಿ ತಿಳಿಸಿ. ತಿಳಿಸುವುದು ಆ ಕಾಯ್ದೆಯಲ್ಲಿ ಆಡಳಿತದವರ ಕರ್ತವ್ಯ.

ರಮೇಶ, ಠಾಣೆ: ಫಾರ್ವರ್ಡ್ ಬಂದಿದೆ ಮೇಡಂ. ಅಭ್ಯರ್ಥಿಯೇ ಹಾಲ್ ಬಾಡಿಗೆ ಕಟ್ಟಿ ರಸೀದಿ ತಗೊಂಡರೆ ಕಾನೂನು ತಾಗಲ್ಲವಂತೆ. ಇನ್ನೊಂದರಲ್ಲಿ, ಪೂಜಾಸ್ಥಳದಲ್ಲಿ ರಾಜಕೀಯ ಮಾತಾಡಿದರೆ ತೆರಿಗೆ ವಿನಾಯಿತಿ ರದ್ದು ಅಂತ 1954ರ ಕಾನೂನು ಇದೆಯಂತೆ.

ವಕೀಲೆ: ಮೊದಲನೆಯದು ಅಪಾಯಕಾರಿ ಸುಳ್ಳು. ಸಂಸ್ಥೆಗೆ ಸೇರಿದ ಜಾಗವನ್ನು ಬಳಸಲು ಬಿಡುವುದೇ ಅಪರಾಧ. ಬಾಡಿಗೆ ರಸೀದಿ ನಿಮ್ಮ ವಿರುದ್ಧವೇ ಸಾಕ್ಷಿಯಾಗುತ್ತದೆ. ಎರಡನೆಯದು ಅಮೆರಿಕದ ಜಾನ್ಸನ್ ತಿದ್ದುಪಡಿ. ನಿಮ್ಮ ಠಾಣೆ ಊರಿಗೆ ಅನ್ವಯಿಸುವುದಿಲ್ಲ. ಓದದೆ ಕಳಿಸಬೇಡಿ.

ಜೂಲಿ, ಮಡಗಾಂವ್: ಚರ್ಚಿನ ಬಲಿಪೂಜೆಯ ಪ್ರಬೋಧನೆಯಲ್ಲಿ ಪಾದ್ರಿಯವರು ‘ಆತ್ಮಸಾಕ್ಷಿಯಂತೆ ಮತ ಹಾಕಿ, ಹಣ ಮುಟ್ಟಬೇಡಿ’ ಅಂದರೆ?

ವಕೀಲೆ: ತಪ್ಪಿಲ್ಲ. ಹೆಸರು, ಚಿಹ್ನೆ, ‘ಇಂಥವರಿಗೆ ಹಾಕಿದರೆ ಪಾಪ’ ಬಂದರೆ ಗೆರೆ ದಾಟಿದಂತೆ. ಆದರೆ ಒಂದು ಆತಂಕ ಇದೆ. 1988ರ ಕಾಯ್ದೆ ‘ರಾಜಕೀಯ ಸ್ವರೂಪದ ಪ್ರಶ್ನೆ’ಯನ್ನೂ ಒಳಗೆ ಹಾಕಿಕೊಂಡಿದೆ. ಮಸೂದೆಯೊಂದರ ವಿರುದ್ಧ ಚರ್ಚಿನ ಅಂಗಳದಲ್ಲಿ ಸಹಿ ಸಂಗ್ರಹಿಸಿದರೂ ಆ ಕಾಯ್ದೆಯನ್ನು ಎತ್ತಬಹುದು. ಇಷ್ಟು ಅಗಲ ಸರಿಯಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಹೆಂಡದ ಬಗ್ಗೆ, ಗಣಿಯ ಬಗ್ಗೆ ಮಾತಾಡುವ ಹಕ್ಕು ಧರ್ಮಗುರುವಿಗೂ ಇದೆ. ಸಂಸ್ಥೆಯ ಮೈಕು, ಹಣ, ದೇವರ ಭಯ ಇವನ್ನು ಅಭ್ಯರ್ಥಿಗೆ ಸಾಲ ಕೊಡುವುದು ಬೇರೆಯೇ ವಿಷಯ.

ಹರೀಶ, ಕಾಂದಿವಲಿ: ಕಾನೂನೆಲ್ಲ ನಮ್ಮ ದೇವಸ್ಥಾನಗಳಿಗೇ. ಮಸೀದಿಯವರನ್ನು ಯಾರು ಕೇಳ್ತಾರೆ?

ಇಮ್ತಿಯಾಜ್, ಮೀರಾ ರೋಡ್: ಹರೀಶಣ್ಣ, ಕೇಳಿದ್ದಾರೆ. ಮುಂಬಯಿಯ ಕುಂಭಾರವಾಡಾ ಕ್ಷೇತ್ರದ ಬುಖಾರಿ ಪ್ರಕರಣ ಓದಿ. ಧರ್ಮದ ಹೆಸರಲ್ಲಿ ಮತ ಕೇಳಿದ್ದಕ್ಕೆ ಆಯ್ಕೆ ಹೋಯ್ತು, 1975ರಲ್ಲಿ ಸುಪ್ರೀಂ ಕೋರ್ಟೂ ಎತ್ತಿಹಿಡಿಯಿತು.

ಹರೀಶ, ಕಾಂದಿವಲಿ: ಹಿಂದುತ್ವ ಜೀವನಪದ್ಧತಿ ಅಂತ ಅದೇ ಕೋರ್ಟು 1995ರಲ್ಲಿ ಹೇಳಿದೆ. ಸಂವಿಧಾನಕ್ಕೆ ಸೆಕ್ಯುಲರ್ ಪದ ತೂರಿಸಿದ್ದೇ 1976ರಲ್ಲಿ.

ಇಮ್ತಿಯಾಜ್, ಮೀರಾ ರೋಡ್: ಪದ ಆಮೇಲೆ ಬಂತು. ಧಾರ್ಮಿಕ ಸ್ವಾತಂತ್ರ್ಯದ 25ರಿಂದ 28ನೇ ವಿಧಿಗಳು 1950ರಿಂದಲೇ ಇವೆ. ಅರ್ಧ ಓದಿ ವಾದಿಸಬೇಡಿ.

ಹರೀಶ, ಕಾಂದಿವಲಿ: ನನಗೆ ಪಾಠ ಬೇಡ.

ವಕೀಲೆ: ಹರೀಶರೇ, ಆ 1995ರ ತೀರ್ಪಿನಲ್ಲೇ ವಿಲೇ ಪಾರ್ಲೆಯಲ್ಲಿ ಗೆದ್ದವರ ಆಯ್ಕೆ ರದ್ದಾದದ್ದು ಖಾಯಂ ಆಯಿತು. ಆ ಸಾಲನ್ನೂ ಓದಿ. ಸುಪ್ರೀಂ ಕೋರ್ಟಿನ 2017ರ ಏಳು ನ್ಯಾಯಮೂರ್ತಿಗಳ ತೀರ್ಪು ಹುಟ್ಟಿದ್ದೂ ನಮ್ಮ ಸಾಂತಾಕ್ರೂಜ್ ಕ್ಷೇತ್ರದ ಪ್ರಕರಣದಿಂದ. ನಾಲ್ಕು-ಮೂರರ ಬಹುಮತದಲ್ಲಿ, ಅಭ್ಯರ್ಥಿಯ ಧರ್ಮ ಮಾತ್ರವಲ್ಲ, ಮತದಾರನ ಧರ್ಮ, ಜಾತಿ, ಭಾಷೆಯ ಹೆಸರಲ್ಲೂ ಕೇಳುವಂತಿಲ್ಲ ಎಂದರು. ವಿಧಾನಸಭೆಗೆ ‘ಕನ್ನಡಿಗರೆಲ್ಲ ಕನ್ನಡಿಗನಿಗೆ’ ಎಂದರೂ ಅದೇ ಗತಿ.

ಶಾಂತಾ, ಪುಣೆ: ಸರ್ಕಾರ ದೇವಸ್ಥಾನದ ಆಡಳಿತ ಹಿಡಿಯುವುದು ಧರ್ಮ-ಸರ್ಕಾರಗಳ ಯಾವ ಪ್ರತ್ಯೇಕತೆ ಮೇಡಂ?

ರಮೇಶ, ಠಾಣೆ: ಇಂಥ ಪ್ರಚಾರದ ಸ್ಕ್ರೀನ್‌ಶಾಟ್ ಮೇಲ್ ಮಾಡಿದರೆ ಗೆದ್ದವರ ಆಯ್ಕೆ ರದ್ದಾಗುತ್ತಂತೆ, ನಿಜವಾ?

ವಕೀಲೆ: ಮತ್ತೆ ಫಾರ್ವರ್ಡ್. ಇಲ್ಲ. ವಿಧಾನಸಭೆಗಾದರೆ ಫಲಿತಾಂಶದಿಂದ 45 ದಿನದೊಳಗೆ ಹೈಕೋರ್ಟಿನಲ್ಲಿ ಚುನಾವಣಾ ಅರ್ಜಿ, ಫಾರ್ಮ್ 25ರ ಅಫಿಡವಿಟ್. ಮುಂಬಯಿ ಪಾಲಿಕೆಗೆ ಹತ್ತೇ ದಿನ, ಸ್ಮಾಲ್ ಕಾಸಸ್ ಕೋರ್ಟಿನ ಮುಖ್ಯ ನ್ಯಾಯಾಧೀಶರ ಮುಂದೆ. ಯಾರು, ಎಲ್ಲಿ, ಯಾವತ್ತು, ಯಾವ ಶಬ್ದಗಳಲ್ಲಿ ಹೇಳಿದರು ಎಂಬುದು ಅರ್ಜಿಯಲ್ಲೇ ಇರಬೇಕು. ಸೆಕ್ಷನ್ 123ರಲ್ಲಿ, ಬೇರೆಯವರು ಮಾತಾಡಿದ್ದಾದರೆ ಅಭ್ಯರ್ಥಿಯ ಅಥವಾ ಅವರ ಚುನಾವಣಾ ಏಜೆಂಟರ ಒಪ್ಪಿಗೆ ಸಾಬೀತಾಗಬೇಕು. ಹೆಚ್ಚಿನ ಅರ್ಜಿಗಳು ಬೀಳುವುದು ಅಲ್ಲಿಯೇ. ವೀಡಿಯೊಗೆ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63ರ ಪ್ರಮಾಣಪತ್ರ ಬೇಕು. ತೆಗೆದ ಮೂಲ ಫೋನು ಜೋಪಾನವಾಗಿರಲಿ.

ದಿನೇಶ, ವಾಶಿ: ಸ್ವಾಮೀಜಿಗಳು ಸ್ವತಃ ಸ್ಪರ್ಧಿಸಬಹುದೇ?

ವಕೀಲೆ: ಮೊದಲ ಉತ್ತರ ನೋಡಿ.

ಹರೀಶ, ಕಾಂದಿವಲಿ: ಮೇಡಂ ಒಂದು ಕಡೆ ವಾಲಿದ್ದಾರೆ.

ಅಡ್ಮಿನ್: ಹರೀಶರೇ, ಇದು ಕೊನೆಯ ಎಚ್ಚರಿಕೆ.

ಸತೀಶ, ಭಾಂಡುಪ್: ಅಧ್ಯಕ್ಷರು ‘ಮೈಕು ಬೇಡ, ಶಾಲು ಮಾತ್ರ’ ಅಂತ ಹಠ ಹಿಡಿದಿದ್ದಾರೆ ಮೇಡಂ.

ವಕೀಲೆ: ಶಾಲು ಹೊದಿಸುವಾಗ ಪಕ್ಕದಲ್ಲಿ ಸ್ವಾಮೀಜಿ ಇರುತ್ತಾರೆ, ಆ ಫೋಟೊ ಸಂಜೆಯೊಳಗೆ ಪ್ರಚಾರದ ಬ್ಯಾನರ್ ಆಗುತ್ತದೆ. ಒಪ್ಪಬೇಡಿ. ಬಹುಮತ ಅವರ ಕಡೆಗಿದ್ದರೆ ನಿಮ್ಮ ವಿರೋಧವನ್ನು ಕಾರಣಸಹಿತ ನಡವಳಿ ಪುಸ್ತಕದಲ್ಲಿ ಬರೆಸಿ ಸಹಿ ಹಾಕಿ, ಆ ಪುಟದ ಫೋಟೊ ಇಟ್ಟುಕೊಳ್ಳಿ, ಭಾನುವಾರಕ್ಕೆ ಮೊದಲೇ ಪೊಲೀಸ್ ಠಾಣೆಗೆ ಪತ್ರ ಕೊಟ್ಟು ಪ್ರತಿಯ ಮೇಲೆ ಮುದ್ರೆ ಹಾಕಿಸಿಕೊಳ್ಳಿ.