ಅಡುಗೆಮನೆ ಟೈಲ್ಸ್ ಒಂದೊಂದಾಗಿ ಬಿರುಕು ಬಿಡುತ್ತಿವೆ, ಏನು ಮಾಡೋದು?

ಪ್ರಶ್ನೆ (ನಾಪೋಕ್ಲು ಕಡೆಯವರು):
ಹೋದ ಬೇಸಿಗೆಯಲ್ಲಿ ಅಡುಗೆಮನೆಗೆ ಎರಡಡಿ ಎರಡಡಿಯ ವಿಟ್ರಿಫೈಡ್ ಟೈಲ್ಸ್ ಹಾಕಿಸಿದೆವು. ಈ ಸಲ ಮಳೆ ಹಿಡಿದ ಮೇಲೆ ಸಿಂಕ್ ಮುಂದೆ ಮೂರು ಟೈಲ್ಸ್ ಬಿರುಕು ಬಿಟ್ಟಿವೆ, ಸಿಲಿಂಡರ್ ಇಡುವ ಕಡೆ ಒಂದರ ಮೂಲೆ ಚಕ್ಕೆ ಎದ್ದಿದೆ. ಮೇಸ್ತ್ರಿ ಕೇಳಿದರೆ ಟೈಲ್ಸೇ ಸರಿ ಇಲ್ಲ ಅನ್ನುತ್ತಾರೆ, ಅಂಗಡಿಯವರು ಹಾಕಿದ್ದು ಸರಿ ಇಲ್ಲ ಅನ್ನುತ್ತಾರೆ. ಕೈಲ್‌ಪೊಳ್ದ್ ಹಬ್ಬಕ್ಕೆ ನೆಂಟರು ಬರುತ್ತಾರೆ. ಅಷ್ಟರೊಳಗೆ ಒಡೆದದ್ದನ್ನು ಮಾತ್ರ ಬದಲಾಯಿಸಿದರೆ ಸಾಕಾ?

ಉತ್ತರ (ಟೈಲ್ಸ್ ಕೆಲಸ ಮಾಡಿಸುವವರು):
ಬದಲಾಯಿಸುವ ಮೊದಲು ಕೆಳಗೆ ಏನಾಗಿದೆ ನೋಡಿ ಅಣ್ಣ. ಒಂದು ನಾಣ್ಯ ತಗೊಂಡು ಇಡೀ ಅಡುಗೆಮನೆ ತಟ್ಟಿಕೊಂಡು ಹೋಗಿ, ಟೊಳ್ಳು ಶಬ್ದ ಬಂದ ಕಡೆ ಚಾಕ್‌ಪೀಸ್‌ನಲ್ಲಿ ಗುರುತು ಹಾಕಿ. ಮೂಲೆಗಳಲ್ಲೇ ಟೊಳ್ಳಿದ್ದರೆ ಕೆಳಗೆ ಗಾರೆ ಪೂರ್ತಿ ಹರಡಿಲ್ಲ ಅಂತ ಅರ್ಥ, ಉಂಡೆ ಉಂಡೆಯಾಗಿ ಇಟ್ಟು ಮೇಲೆ ಟೈಲ್ ಒತ್ತಿದ್ದಾರೆ. ಅಂಥ ಕಡೆ ತುಂಬಿದ ಸಿಲಿಂಡರ್ ಕುಕ್ಕಿದರೆ ಮೂಲೆ ಹೋಗದೆ ಇನ್ನೇನಾಗುತ್ತದೆ? ಇನ್ನೊಂದು ವಿಷಯ, ವಿಟ್ರಿಫೈಡ್ ಟೈಲ್ ನೀರು ಹೀರುವುದು ಅದರ ತೂಕದ 0.5% ಕೂಡ ಇಲ್ಲ. ಹಾಗಾಗಿ ಬರೀ ಸಿಮೆಂಟ್ ಹಾಲು ಸುರಿದು ಕೂರಿಸಿದರೆ ಸರಿಯಾಗಿ ಹಿಡಿಯುವುದಿಲ್ಲ. ಹಿಂಬದಿಯ ಬಿಳಿ ಪುಡಿ ಒರೆಸದೆ ಹಾಕಿದ್ದರಂತೂ ಕೇಳಲೇ ಬೇಡಿ.

ಆಮೇಲೆ ಬಿರುಕು ಹೇಗೆ ಓಡಿದೆ ಹೇಳಿ. ಒಂದು ಟೈಲ್‌ನಲ್ಲೇ ನಿಂತಿದೆಯಾ, ಸಂದು ದಾಟಿ ಪಕ್ಕದ್ದಕ್ಕೂ ಹೋಗಿದೆಯಾ?

ಪ್ರಶ್ನೆ ಕೇಳಿದವರು:
ತಟ್ಟಿ ನೋಡಿದೆ. ಸಿಲಿಂಡರ್ ಹತ್ತಿರ ಟೊಳ್ಳು. ಆದರೆ ಸಿಂಕ್ ಮುಂದಿನ ಮೂರೂ ಸರಿಯಾಗೇ ಕೂತ ಹಾಗಿದೆ, ಬಿರುಕು ಮಾತ್ರ ಒಂದೇ ಗೆರೆಯಲ್ಲಿ ಹಿಂಬಾಗಿಲವರೆಗೂ ಹೋಗಿದೆ. ನಮ್ಮದು ಗುಡ್ಡ ಕಡಿದು ಮಾಡಿದ ಸೈಟು, ಅಡುಗೆಮನೆ ಇಳಿಜಾರಿನ ಕಡೆಗೆ.

ಉತ್ತರ:
ಹಾಗಾದರೆ ಎರಡು ಕಾಯಿಲೆ ಇದೆ. ಸಿಲಿಂಡರ್ ಹತ್ತಿರದ್ದು ಹಾಕಿದವರ ತಪ್ಪು. ಗೆರೆ ಹಿಡಿದು ಓಡಿದ್ದು ನೆಲದ್ದೇ ತೊಂದರೆ, ಟೈಲ್ಸ್ ಹಾಕಿದವರ ಮೇಲೆ ಮಾತ್ರ ಹೇಳಿ ಪ್ರಯೋಜನವಿಲ್ಲ. ನಮ್ಮ ಕೊಡಗಿನ ಮನೆಗಳಲ್ಲಿ ಇದು ಮಾಮೂಲು: ಗುಡ್ಡದ ಬದಿಗೆ ಕಡಿದ ಗಟ್ಟಿ ಮಣ್ಣು, ಇಳಿಜಾರಿನ ಬದಿಗೆ ತುಂಬಿಸಿದ ಮಣ್ಣು. ತುಂಬಿಸುವಾಗ ಪದರ ಪದರವಾಗಿ ನೀರು ಬಿಟ್ಟು ದಮ್ಮಸ್ಸು ಹೊಡೆಯದೆ, ಟ್ರ್ಯಾಕ್ಟರ್‌ನಿಂದ ಸುರಿದು ಸುಮ್ನೆ ಮಟ್ಟ ಮಾಡಿ ಮೇಲೆ ಕಾಂಕ್ರೀಟ್ ಹಾಕಿದರೆ, ಮಳೆ ನೀರು ಇಳಿದಾಗ ಮಣ್ಣು ಕೂರುತ್ತದೆ. ಮೇಲಿನ ಕಾಂಕ್ರೀಟ್ ಸೀಳಿದರೆ ಟೈಲ್ಸ್ ಕೂಡ ಅದೇ ಗೆರೆಯಲ್ಲಿ ಸೀಳುತ್ತದೆ.

ಸಿಂಕ್ ಪೈಪನ್ನೂ ಬಿಡಬೇಡಿ. ನೆಲದ ಕೆಳಗೆ ಹೋಗಿದ್ದರೆ ಎರಡು ಬಕೆಟ್ ನೀರು ಸುರಿದು ಹೊರಗಿನ ಚೇಂಬರಿಗೆ ಅಷ್ಟೂ ಬರುತ್ತದಾ ನೋಡಿ. ಸೋರುವ ಜಾಯಿಂಟ್ ದಿನಾ ಒಂದಿಷ್ಟು ಮಣ್ಣು ತೊಳೆದುಕೊಂಡು ಹೋಗುತ್ತಿರುತ್ತದೆ, ಗೊತ್ತೇ ಆಗುವುದಿಲ್ಲ. ಬಿರುಕಿನ ಎರಡೂ ತುದಿಗೆ ಪೆನ್ಸಿಲಿನಲ್ಲಿ ಗೆರೆ ಎಳೆದು ತಾರೀಖು ಬರೆಯಿರಿ. ಗೋಡೆಯಲ್ಲೂ ಓರೆ ಬಿರುಕು ಬಂದಿದ್ದರೆ ಅಥವಾ ಬಾಗಿಲು ಹಿಡಿಯುತ್ತಿದ್ದರೆ ನನ್ನನ್ನಲ್ಲ, ಇಂಜಿನಿಯರನ್ನು ಕರೆಸಿ.

ಸೋಮವಾರಪೇಟೆಯ ಒಬ್ಬರು:
ಟೊಳ್ಳಿರುವ ಟೈಲ್‌ಗೆ ಸಣ್ಣ ತೂತು ಕೊರೆದು ಎಪಾಕ್ಸಿ (ಗಟ್ಟಿಯಾಗುವ ರಾಳದ ಅಂಟು) ಇಳಿಸುತ್ತಾರಲ್ವಾ? ಕೀಳುವ ರಗಳೆಯೇ ಇಲ್ಲ ಅಂತಾರೆ.

ಉತ್ತರ:
ಟೈಲ್ ಒಡೆಯದೆ ಇದ್ದರೆ, ಕೆಳಗೆ ಒಣಗಿದ್ದರೆ ಪರವಾಗಿಲ್ಲ. ಒಡೆದದ್ದಕ್ಕೆ ಅದು ದಂಡ.

ಪ್ರಶ್ನೆ ಕೇಳಿದವರು:
ಹಾಗಾದರೆ ಹಬ್ಬಕ್ಕೆ ಏನೂ ಆಗುವುದಿಲ್ಲವಾ? ದುಡ್ಡು ಯಾರು ಕೊಡುತ್ತಾರೆ?

ಉತ್ತರ:
ಹಬ್ಬಕ್ಕೆ ಬಿರುಕಿಗೆ ಎಪಾಕ್ಸಿ ಗ್ರೌಟ್ ತುಂಬಿಸಿ, ನೀರು ಕೆಳಗೆ ಹೋಗದಿದ್ದರೆ ಸಾಕು. ಮೇಲೆ ಒಂದು ಚಾಪೆ ಹಾಸಿ, ಸಿಲಿಂಡರ್ ಬೇರೆ ಕಡೆ ಇಡಿ. ಕೀಳುವ ಕೆಲಸ ಮಳೆ ಮುಗಿದು ನೆಲ ಒಣಗಿದ ಮೇಲೆ. ಕಾಫಿ ಕೊಯ್ಲು ಶುರುವಾದರೆ ಆಳು ಸಿಗುವುದಿಲ್ಲ, ಈಗಲೇ ಹೇಳಿಟ್ಟಿರಿ.

ಆಗ ಮೊದಲು ಗ್ರೈಂಡರ್‌ನಲ್ಲಿ ಸುತ್ತಲಿನ ಸಂದು ಕೊಯ್ದುಕೊಳ್ಳಲಿ, ಆಮೇಲೆ ಟೈಲ್ ಮಧ್ಯದಿಂದ ಒಡೆಯುತ್ತಾ ಅಂಚಿಗೆ ಬರಲಿ. ಇಲ್ಲದಿದ್ದರೆ ಪಕ್ಕದ್ದೂ ಹೋಗುತ್ತದೆ. ಗೆರೆ ಇರುವ ಕಡೆ ಕಾಂಕ್ರೀಟ್ ಕಿತ್ತು, ಮಣ್ಣು ಗಟ್ಟಿ ಮಾಡಿ, ಹೊಸ ಕಾಂಕ್ರೀಟಿಗೆ ಚೆನ್ನಾಗಿ ನೀರು ಉಣಿಸಿ. ಟೈಲ್ಸ್‌ಗೆ ಐಎಸ್ 15477 (ಟೈಲ್ ಅಂಟಿನ ಭಾರತೀಯ ಮಾನಕ) ಗುರುತಿರುವ ಅಂಟು, ಹಲ್ಲಿನ ಕರಣೆಯಲ್ಲಿ ಪೂರ್ತಿ ಹರಡಬೇಕು. ನಿಮ್ಮೆದುರಿಗೇ ಒಂದು ಟೈಲ್ ಎತ್ತಿ ತೋರಿಸಲು ಹೇಳಿ, ಹಿಂಬದಿ ಮೂಲೆವರೆಗೂ ಅಂಟು ಮೆತ್ತಿರಬೇಕು. ಸಂದು 2 ಮಿಲಿಮೀಟರ್ ಆದರೂ ಬಿಡಲಿ. ಒಂದಕ್ಕೊಂದು ತಾಗಿಸಿದರೆ ನೋಡಲು ಚೆಂದ, ಅಷ್ಟೇ. ಅದೇ ಬಣ್ಣ ಸಿಗದಿದ್ದರೆ ಸಿಂಕ್ ಮುಂದೆ ಉದ್ದಕ್ಕೂ ಬೇರೆ ಬಣ್ಣದ ಒಂದು ಪಟ್ಟಿ ಹಾಕಿಸಿ, ಬೇಕಂತಲೇ ಮಾಡಿಸಿದ ಹಾಗೆ ಕಾಣುತ್ತದೆ.

ದುಡ್ಡಿನ ವಿಷಯ: ಸಿಲಿಂಡರ್ ಹತ್ತಿರದ್ದನ್ನು ಸರಿ ಮಾಡಿಕೊಡಲು ಮೇಸ್ತ್ರಿಗೆ ಫೋಟೋ ಸಮೇತ ಬರೆದು ಕಳಿಸಿ, ಬಾಯಿಮಾತು ಬೇಡ. ಟೈಲ್ ಕೀಳುವಾಗಲೂ ಕೆಳಗಿನ ಟೊಳ್ಳಿನ ಫೋಟೋ ತೆಗೆದಿಡಿ. ಒಪ್ಪದಿದ್ದರೆ ಗ್ರಾಹಕ ಸಹಾಯವಾಣಿ 1915 ಇದೆ, ಮಡಿಕೇರಿಯಲ್ಲಿ ಜಿಲ್ಲಾ ಗ್ರಾಹಕ ಆಯೋಗ ಇದೆ, ತೊಂದರೆ ಆದ ಎರಡು ವರ್ಷದೊಳಗೆ ದೂರು ಕೊಡಬೇಕು. ಬಿಲ್ ಇಟ್ಟಿದ್ದೀರಾ?

ಪ್ರಶ್ನೆ ಕೇಳಿದವರು:
ಟೈಲ್ಸ್‌ದು ಇದೆ. ಕೂಲಿ ದುಡ್ಡು ಗೂಗಲ್ ಪೇ ಮಾಡಿದ್ದು.

ಉತ್ತರ:
ಅದೂ ದಾಖಲೆಯೇ. ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ.