ಅಪ್‌ಡೇಟ್: ನನ್ನ ಟ್ರಾನ್ಸ್‌ಜೆಂಡರ್ ಗುರುತಿನ ಕಾರ್ಡ್ ಕೈಗೆ ಬಂತು!

ಆಪರೇಷನ್ ಆಗದೆ ದಾಖಲೆಯಲ್ಲಿ ಹೆಸರು, ಲಿಂಗ ಬದಲಿಸಬಹುದಾ ಅಂತ 2023ರ ಯುಗಾದಿ ಹೊತ್ತಿಗೆ ಕೊಪ್ಪಳದಿಂದ ಕೇಳಿದ್ದೆ. ಆಯ್ತು ನೋಡ್ರಿ!

ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ 2020ರ ನಿಯಮದಂತೆ ಅವರಿಗಾಗಿ ಇರುವ ರಾಷ್ಟ್ರೀಯ ಪೋರ್ಟಲ್‌ನಲ್ಲಿ ಅರ್ಜಿ ಹಾಕಿದೆ, ಜೊತೆಗೊಂದು ಅಫಿಡವಿಟ್. ಪ್ರಮಾಣಪತ್ರ ಕೊಡುವವರು ಜಿಲ್ಲಾಧಿಕಾರಿ. ಆಗ ‘ಟ್ರಾನ್ಸ್‌ಜೆಂಡರ್’ ಅಂತ ಬರೆಸಲು ವೈದ್ಯರ ಪರೀಕ್ಷೆ ಬೇಕಿರಲಿಲ್ಲ. ಗಂಡು ಅಥವಾ ಹೆಣ್ಣು ಅಂತಲೇ ಬೇಕಿದ್ದರೆ ಆಸ್ಪತ್ರೆ ಕಾಗದ ಬೇಕಿತ್ತು. ನನಗೆ ಸದ್ಯಕ್ಕೆ ಇಷ್ಟು ಸಾಕು.

ಒಂದು ಕೌಂಟರ್‌ನಲ್ಲಿ ಮಾತ್ರ ಡಾಕ್ಟರ್ ಚೀಟಿ ತನ್ನಿ ಅಂತ ಸುಮ್ನೆ ಎರಡು ಸಲ ಅಲೆಸಿದರು. ನಿಯಮದ ಪ್ರಿಂಟ್ ಮುಂದಿಟ್ಟ ಮೇಲೆ ತೆಪ್ಪಗಾದರು.

ಆಧಾರ್ ಆಯ್ತು. ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಬಾಕಿ.

ಅವ್ವನಿಗೆ ಓದಲು ಬರಲ್ಲ. ಆದರೂ ಕಾರ್ಡನ್ನು ಸೆರಗಲ್ಲಿ ಒರೆಸಿ, ನನ್ನ ಹೊಸ ಹೆಸರು ಜೋರಾಗಿ ಹೇಳಿದಳು. ಈಗ ಅದು ಹುಲಿಗೆಮ್ಮ ದೇವಿಯ ಫೋಟೋ ಹಿಂದಿದೆ. ಝೆರಾಕ್ಸ್‌ಗೂ ಕೊಡ್ತಿಲ್ಲ.